ಉಂಡೆ ಒಡೆಯುವ ತನಕ

ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದರು. ಭೇರ್ಯದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾವಿಬ್ಬರೂ ಒಟ್ಟಿಗೆ ಪಾಠ ಮಾಡಿದವರು. ಅವರು ಕನ್ನಡ, ನಾನು ಜೀವಶಾಸ್ತ್ರ. ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು. ಬನ್ನನ್ನು ಟೀಗೆ ಅದ್ದುತ್ತಾ, "ನೀರುಗಂಟಿ ಹೋಗ್ಬಿಟ್ಟ ಕಣ್ರೀ. ಹದಿನೈದು ದಿನ ಆಯ್ತು" ಅಂದರು.

ನಾನು, ಸಾವಿನ ಸುದ್ದಿ ಕೇಳಿದವರು ಮಾಡುವ ಹಾಗೆ, ಸತ್ತವನಿಗೂ ನನಗೂ ಇದ್ದ ಸಂಬಂಧವನ್ನು ಹೇಳತೊಡಗಿದೆ. ಅವನನ್ನು ತೋಟದ ಕೆಲಸದಿಂದ ತೆಗೆದ ದಿನ ಸಭೆಯಲ್ಲಿ ಅವನ ಪರವಾಗಿ ಎದ್ದು ಮಾತಾಡಿದವನು ನಾನೊಬ್ಬನೇ ಎಂದೆ. ಏಳು ವರ್ಷಗಳಿಂದ ಇದನ್ನು ಬಹಳ ಜನರಿಗೆ ಹೇಳಿದ್ದೇನೆ. ಹೆಂಡತಿಗೆ ಹೇಳಿದ್ದೇನೆ. ಹುಣಸೂರಿನಲ್ಲಿ, ಪಿರಿಯಾಪಟ್ಟಣದಲ್ಲಿ, ಎಲ್ಲೂ ನಿಲ್ಲಲಾಗದೆ ನಾನು ಬದಲಾಯಿಸಿದ ಪ್ರತಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ.

ಅವರು ಅಗಿಯುವುದನ್ನು ನಿಲ್ಲಿಸಿದರು. "ನೀವೆಲ್ಲಿ ಮಾತಾಡಿದ್ರಿ? ಪಕ್ಕದ ಕುರ್ಚೀಲೇ ಇದ್ನಲ್ಲ ನಾನು. ನೀವು ಬಾಯೇ ಬಿಡ್ಲಿಲ್ಲ."

ಜಗಳದ ದನಿಯಲ್ಲ. ತಪ್ಪು ರೂಮ್ ನಂಬರ್ ಹೇಳಿದವನನ್ನು ತಿದ್ದುವ ದನಿ. ಬಸ್ಸು ಬಂತು, ಅವರು ಹೋದರು.

ಅಂದಿನಿಂದ ಆ ಮನುಷ್ಯನ ಬಗ್ಗೆ ನನಗೆ ನಿಜವಾಗಿ ಏನು ಗೊತ್ತು ಎಂದು ಒಂದೊಂದಾಗಿ ತೆಗೆದು ನೋಡುತ್ತಿದ್ದೇನೆ. ಇಲ್ಲಿ ಬರೆದಿರುವುದರಲ್ಲಿ ಯಾವುದು ಗಟ್ಟಿ, ಯಾವುದು ಅಲ್ಲ ಎಂಬುದನ್ನು ಆಗಾಗ ಹೇಳುತ್ತೇನೆ.

ಅವನ ಹೆಸರು ಬೇಡ. ಕಾಲೇಜಿನಲ್ಲಿ ಯಾರೂ ಅವನನ್ನು ಹೆಸರಿನಿಂದ ಕರೆದದ್ದಿಲ್ಲ. ಊರ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂದು ನೋಡಿಕೊಳ್ಳುವ ನೀರುಗಂಟಿಯ ಕೆಲಸವನ್ನು ಅವನು ಮೂವತ್ತು ವರ್ಷ ಮಾಡಿದ್ದ. ಗದ್ದೆಬಯಲಿನ ಮೇಲ್ತುದಿ ಮಾರಾಟವಾಗಿ ಅಲ್ಲಿ ಕಾಲೇಜು ಎದ್ದಾಗ ಅವನನ್ನೇ ತೋಟಕ್ಕೆ ಇಟ್ಟುಕೊಂಡರು. ನನಗಿಂತ ಮೂವತ್ತು ವರ್ಷ ದೊಡ್ಡವನು. ಆದರೂ ನಾವೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಈಗ ಅದನ್ನು ಬಹುವಚನಕ್ಕೆ ತಿದ್ದಿದರೆ ಅದೂ ಒಂದು ಸುಳ್ಳಾಗುತ್ತದೆ.

ಸಣ್ಣ ಆಳು. ಬಿಲ್ಲಿನಂತೆ ಬಾಗಿದ ಕಾಲುಗಳು. ಕಾಲೇಜಿನ ಗೇಟು ದಾಟಿದ ಕೂಡಲೇ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಅದು ಸರಸ್ವತಿಗೆ ತೋರಿಸುವ ಭಕ್ತಿ ಎಂದು ಪ್ರಿನ್ಸಿಪಾಲರು ಒಮ್ಮೆ ಮಕ್ಕಳೆದುರು ಹೊಗಳಿದರು. ಅವನು ಆಮೇಲೆ ನನ್ನ ಹತ್ತಿರ ಬಂದು, "ಭಕ್ತಿ ಎಲ್ಲಿ ಬಂತು ಸಾ. ನೆಲ ಅಸಿ ಅದೋ ಒಣಗದೋ ಚಪ್ಲಿಗೆ ಗೊತ್ತಾಯ್ತದಾ?" ಅಂದ.

ಒಳ್ಳೆಯದು ಎಂಬ ಮಾತು ಅವನ ಬಾಯಲ್ಲಿ ಬಂದದ್ದು ಕಾಣೆ. ತುಂಬ ಮೆಚ್ಚಿದರೆ "ಪರ್ವಾಗಿಲ್ಲ" ಅನ್ನುತ್ತಿದ್ದ. ತೂಬಿನ ದಿನಗಳ ಕಥೆ ಒಂದನ್ನು ನನಗೆ ಎರಡು ಸಲ ಹೇಳಿದ್ದ. ಯಾರೋ ಒಬ್ಬ ದೊಡ್ಡ ಕುಳ ತನ್ನ ಸರದಿಗೆ ಮುಂಚೆ ಕಾಲುವೆ ಒಡೆದಾಗ, ಇವನು ಆ ಬಿರುಕಿಗೆ ಬೆನ್ನು ಕೊಟ್ಟು ಕೂತನಂತೆ. ಒಂದು ಸಲ ಆ ಕುಳ ಗೌಡರಾಗಿದ್ದರು, ಇನ್ನೊಂದು ಸಲ ಶೆಟ್ಟರಾಗಿದ್ದರು. ಹಾಗಾಗಿ ಅದನ್ನು ಪೂರ್ತಿ ನಂಬಲಾರೆ.

ಮಣ್ಣಿನ ವಿಷಯದಲ್ಲಿ ಮಾತ್ರ ಅವನು ಒಂದೇ ಕಥೆಯನ್ನು ಎರಡು ಥರ ಹೇಳಿದವನಲ್ಲ.

ಕಾಲೇಜಿನ ಅಂಗಳದ ಮಣ್ಣು ಶುದ್ಧ ಜೇಡಿ. ಒದ್ದೆಯಾದರೆ ಬೆರಳಿಗೆ ಮೇಣದಂತೆ ಅಂಟುತ್ತದೆ, ಒಣಗಿದರೆ ಹಾರೆಗೂ ಬಗ್ಗುವುದಿಲ್ಲ. ಅದರ ಮೇಲೆ ತಲೆತಲಾಂತರ ಭತ್ತ ಬೆಳೆದಿದ್ದರು. ಭತ್ತದ ಗದ್ದೆಯನ್ನು ನೀರು ನಿಲ್ಲುವ ಹಾಗೆ ತುಳಿದು ತುಳಿದು ಕೆಸರು ಮಾಡುತ್ತಾರೆ. ವರ್ಷಾನುಗಟ್ಟಲೆ ಹಾಗೆ ಮಾಡಿದರೆ ಗೇಣುದ್ದ ಕೆಳಗೆ ಒಂದು ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಭತ್ತಕ್ಕೆ ಅದು ವರ, ದಾಸವಾಳಕ್ಕೆ ಅದು ನೀರು ಇಳಿಯದ ಮಡಕೆಯ ತಳ. ಇದು ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು. ಅವನು ಅದನ್ನೇ ಬೇರೆ ಥರ ಹೇಳಿದ: "ಇವ್ನ ಉಸ್ರು ಕಟ್ಸಿದ್ದು ನಾನೇ ಕಣ್ ಸಾ. ಮೂವತ್ತೊರ್ಸ ನೀರ್ ಬುಟ್ಟಿದ್ದು ಯಾರು? ಈಗ ನಾನೇ ಬುಡುಸ್ಬೇಕು."

ಮಣ್ಣನ್ನು ಅವನು ಯಾವಾಗಲೂ 'ಇವ್ನು' ಅನ್ನುತ್ತಿದ್ದ. "ಇವ್ನು ಎಮ್ಮೆ ಇದ್ದಂಗೆ. ಎಳುದ್ರೆ ಬರಲ್ಲ, ಒಡುದ್ರೆ ಬರಲ್ಲ. ಅವ್ನಾಗವ್ನೇ ಏಳ್ಬೇಕು."

ಸೇರಿದ ಹೊಸತರಲ್ಲಿ ನಾನು ಅವನಿಗೆ ಉಪದೇಶ ಮಾಡಲು ಹೋದೆ. ಎರಡು ಟ್ರ್ಯಾಕ್ಟರ್ ಮರಳು ತರಿಸಿ ಬೆರೆಸಿದರೆ ಮಣ್ಣು ಸಡಿಲವಾಗುತ್ತದೆ ಎಂದೆ. ಅವನು ಇಲ್ಲ ಎನ್ನಲಿಲ್ಲ. ಕಟ್ಟಡ ಕೆಲಸದಲ್ಲಿ ಮಿಕ್ಕಿದ್ದ ಮರಳನ್ನು ಒಂದು ಬೊಗಸೆ ತಂದು, ಜೇಡಿಗೆ ಕಲಸಿ, ಇಟ್ಟಿಗೆಯ ಹಾಗೆ ತಟ್ಟಿ ಬಿಸಿಲಿಗಿಟ್ಟ. ವಾರ ಬಿಟ್ಟು ಸ್ಟಾಫ್ ರೂಮಿಗೇ ತಂದು ನನ್ನ ಮೇಜಿನ ಮೇಲಿಟ್ಟು, "ಒಡೀರಿ ಸಾ" ಅಂದ. ನಾನು ಕೈಯಲ್ಲಿ ಪ್ರಯತ್ನಿಸಿದೆ, ಮೇಜಿನ ಅಂಚಿಗೆ ಕುಟ್ಟಿದೆ. ಮೇಜಿನ ಅಂಚು ಸೀಳಿತು. ಕನ್ನಡದ ಮೇಷ್ಟ್ರು ನಕ್ಕರು. ಇದು ಗಟ್ಟಿ ನೆನಪು. ಅರೆಬರೆ ಬೆರೆಸಿದ ಮರಳು ಜೇಡಿಯನ್ನು ಗಾರೆ ಮಾಡುತ್ತದೆ ಎಂದು ನನ್ನ ಪುಸ್ತಕದಲ್ಲೂ ಇತ್ತು. ನಾನು ಮರೆತಿದ್ದೆ.

ಅವನ ದಾರಿ ನಿಧಾನದ್ದು. ಲೈಬ್ರರಿ ಗೋಡೆಯ ಉದ್ದಕ್ಕೂ ಒಂದು ಪಟ್ಟಿಯನ್ನು ಮಾತ್ರ ಆರಿಸಿಕೊಂಡ. ಬೇಸಿಗೆಯಲ್ಲಿ ಪಕ್ಕಕ್ಕೆ ಚರಂಡಿ ತೋಡಿ, ನೀರು ಇಳಿದು ಹೋಗಲು ದಾರಿ ಮಾಡಿದ. ತಿಪ್ಪೆಗೊಬ್ಬರ, ಭತ್ತದ ಹೊಟ್ಟು, ಕೊಡಗಿನಿಂದ ಬರುತ್ತಿದ್ದ ಲಾರಿಯವರನ್ನು ಕಾಡಿ ಬೇಡಿ ತರಿಸಿದ ಕಾಫಿ ಸಿಪ್ಪೆ ಎಲ್ಲವನ್ನೂ ಹರಡಿದ. ಮೊದಲ ಮಳೆಗೆ ಹಸಿರು ಗೊಬ್ಬರಕ್ಕೆಂದು ಅಪ್ಸೆಣಬು ಬಿತ್ತಿದ. ಅದರ ಬೇರು ಆಳಕ್ಕೆ ಇಳಿದು ಗಟ್ಟಿ ಪದರವನ್ನು ಬಿರಿಯುತ್ತದೆ. ಹಳದಿ ಹೂ ಬಿಡುವ ಹೊತ್ತಿಗೆ ಕೊಯ್ದು ಅಲ್ಲೇ ಮಗುಚಿದ. ಪಟ್ಟಿಯ ಮೇಲೆ ಕಾಲಿಡಬಾರದೆಂದು ಹಲಗೆ ಅಡ್ಡ ಹಾಕಿಕೊಂಡು, ಅದರ ಮೇಲೆ ಕುಕ್ಕುರುಗಾಲಲ್ಲಿ ಕೂತು ಕೆಲಸ ಮಾಡುತ್ತಿದ್ದ. ದಸರಾ ಹೊತ್ತಿಗೆ ಅಲ್ಲಿ ಸೇವಂತಿಗೆ, ಕನಕಾಂಬರ, ಎರಡು ದಾಸವಾಳ ನಿಂತಿದ್ದವು. ಕೈ ಹಾಕಿದರೆ ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. "ಪರ್ವಾಗಿಲ್ಲ" ಅಂದ.

ಪ್ರತಿ ಸಲ ಮಣ್ಣಿಗೆ ಕೈ ಹಾಕುವ ಮುಂಚೆ ಒಂದು ಹಿಡಿ ಅಗೆದು, ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಕೆಳಗೆ ಬಿಡುತ್ತಿದ್ದ. ಉಂಡೆ ಪುಡಿಯಾಗಿ ಒಡೆದರೆ ಕೆಲಸ. ಸಗಣಿಯ ಹಾಗೆ ಪಚಕ್ಕನೆ ಕೂತರೆ, ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಪ್ರಿನ್ಸಿಪಾಲರು ಕರೆದರೂ ನಿಲ್ಲುತ್ತಿರಲಿಲ್ಲ. ಹದ ತಪ್ಪಿದ ಜೇಡಿಯನ್ನು ಒಂದು ಸಲ ತುಳಿದರೆ ಒಂದು ವರ್ಷದ ಕೆಲಸ ಹಾಳು ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಆಡಳಿತ ಮಂಡಳಿಗೆ ಒಂದು ವರ್ಷ ಕಾಯುವ ವ್ಯವಧಾನ ಇರಲಿಲ್ಲ. ಕಾರ್ತಿಕದಲ್ಲಿ ಪರಿಶೀಲನೆಗೆ ಒಂದು ಸಮಿತಿ ಬರುವುದಿತ್ತು. ಸೆಕ್ರೆಟರಿ ನೇರವಾಗಿ ಹೇಳಿದರು: ಅಷ್ಟರೊಳಗೆ ಇಡೀ ಅಂಗಳ ಹಸಿರಾದರೆ ಸರಿ, ಇಲ್ಲದಿದ್ದರೆ ಸಿಮೆಂಟ್ ಬಿಲ್ಲೆ ಹಾಸಿಬಿಡುವುದು. ಬಿಲ್ಲೆ ಹಾಸಿದ ಮೇಲೆ ತೋಟದವನು ಯಾಕೆ? ಈ ಮಾತನ್ನು ಸೆಕ್ರೆಟರಿ ಅವನ ಎದುರಿಗೇ ಆಡಿದರು. ಅವನು ಕೇಳಿದ್ದು ಒಂದೇ: "ಇನ್ನೊಂದ್ ಮಳೆಗಾಲ ಕೊಡಿ ಸಾ." ಅವರು ಕೊಡಲಿಲ್ಲ.

ಪ್ರಿನ್ಸಿಪಾಲರು ಶ್ರಮದಾನ ಎಂಬ ಉಪಾಯ ಹುಡುಕಿದರು. ಒಂದು ಭಾನುವಾರ ಮಕ್ಕಳ ತಂದೆತಾಯಿಗಳೆಲ್ಲ ಬಂದು ಅಂಗಳ ಅಗೆದು ಮಡಿ ಮಾಡಿಕೊಡುವುದು, ಆಮೇಲೆ ನರ್ಸರಿಯಿಂದ ಗಿಡ ತಂದು ನೆಡುವುದು. ತೋಟದ ಉಸ್ತುವಾರಿ ನನ್ನ ಹೆಸರಿಗಿತ್ತು.

ಶನಿವಾರವಿಡೀ ಚಿತ್ತೆ ಮಳೆ ಹೊಡೆಯಿತು. ಭಾನುವಾರ ಬೆಳಿಗ್ಗೆ ಬಿಸಿಲು ಬಂದಿತ್ತು. ನಲವತ್ತರ ಮೇಲೆ ಜನ ಗುದ್ದಲಿ ಹಿಡಿದು ಬಂದು ಉಪ್ಪಿಟ್ಟು ತಿಂದು ಕಾಯುತ್ತಿದ್ದರು. ಎಲ್ಲರೂ ಕಾಲುವೆ ಕೆಳಗಿನ ಭತ್ತದ ಊರುಗಳವರು. ನೀರುಗಂಟಿ ಮೂರು ಕಡೆ ಅಗೆದು ಮೂರು ಉಂಡೆ ಬಿಟ್ಟ. ಮೂರೂ ಪಚಕ್ಕನೆ ಕೂತವು.

"ನಾಕ್ ದಿನ ಬುಡಿ ಸಾ. ಬಿಸ್ಲು ಇಂಗೇ ಇದ್ರೆ ನಾಕೇ ದಿನ," ಎಂದು ಪ್ರಿನ್ಸಿಪಾಲರಿಗೆ ಹೇಳಿದ.

ಗುಂಪಿನಲ್ಲಿದ್ದ ಒಬ್ಬ ದಢೂತಿ ರೈತ ನಕ್ಕ. "ಲೇ ನೀರುಗಂಟಿ, ನಮ್ಗೇ ಮಣ್ ಮಾಡದ್ ಏಳ್ಕೊಡ್ತೀಯೇನ್ಲಾ? ಕೆಸ್ರಲ್ಲೇ ಉಟ್ಟಿ ಕೆಸ್ರಲ್ಲೇ ಬೆಳ್ದೋರು ನಾವು."

"ಅದ್ಕೇ ಕಣ್ಲಾ ನಂಗ್ ಭಯ," ಅಂದ ಅವನು.

ಜನ ನಕ್ಕರು. ಅವನು ನಗಲಿಲ್ಲ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡು ನನ್ನ ಕಡೆ ತಿರುಗಿದರು. "ಏನ್ ಸಾರ್, ಶುರು ಮಾಡ್ಬೋದಾ? ನೀವು ತಾನೆ ಮಣ್ಣು ಓದಿರೋರು."

ನೀರುಗಂಟಿಯೂ ನನ್ನನ್ನೇ ನೋಡುತ್ತಿದ್ದ. ಅವನ ಉಂಡೆಯ ಪರೀಕ್ಷೆ ನನ್ನ ಪುಸ್ತಕದಲ್ಲಿ ಬೇರೆ ಹೆಸರಿನಲ್ಲಿ ಇರುವಂಥದ್ದೇ. ನಾನು ಅದರ ಮೇಲೆ ಪರೀಕ್ಷೆ ಬರೆದು ಪಾಸಾದವನು. ಆದರೆ ನಲವತ್ತು ಜನರನ್ನು ಒಂದು ಮಣ್ಣುಂಡೆಯ ಕಾರಣಕ್ಕೆ ವಾಪಸು ಕಳಿಸುವ ಧೈರ್ಯ ಬರಲಿಲ್ಲ. ನನ್ನ ಕೆಲಸ ಖಾಯಂ ಆಗುವ ಕಾಗದ ಆ ತಿಂಗಳೇ ಸೆಕ್ರೆಟರಿಯ ಸಹಿಗೆ ಹೋಗಿತ್ತು.

"ಮೇಲ್ಮೇಲೆ ಶುರು ಮಾಡ್ಲಿ ಸರ್. ಪರ್ವಾಗಿಲ್ಲ," ಅಂದೆ.

ಈ ಮಾತು ಅಕ್ಷರಶಃ ನೆನಪಿದೆ. ಹ್ಯಾಂಡ್‌ಪೋಸ್ಟಿನಿಂದ ಬಂದ ಮೇಲೆ ಅನುಮಾನಿಸಿದ ಎಲ್ಲ ನೆನಪುಗಳಲ್ಲಿ ಇದೊಂದೇ ಅಲುಗಾಡಲಿಲ್ಲ.

ಮೊದಲ ಹತ್ತು ನಿಮಿಷ ಅವರು ಮೇಲ್ಮೇಲೆಯೇ ಅಗೆದರು. ಗುದ್ದಲಿಗೆ ಮಣ್ಣು ಮೆತ್ತಿಕೊಂಡು ಏಳಲೇ ಇಲ್ಲ. ಆಗ ಒಬ್ಬ, "ಒಂಚೂರ್ ನೀರ್ ಬುಡ್ರಪ್ಪ, ಸಲೀಸಾಯ್ತದೆ" ಅಂದ. ಇನ್ನೊಬ್ಬ ನಲ್ಲಿ ಪೈಪು ಎಳೆದು ತಂದ. ಅಲ್ಲಿಂದ ಮುಂದೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಸಾಲಾಗಿ ನಿಂತು ತುಳಿಯತೊಡಗಿದರು. ಹೆಂಗಸರು ಸೀರೆ ಸಿಕ್ಕಿಸಿ ಇಳಿದರು. ಆ ಸೀಮೆಯ ಕಾಲುಗಳು ಒದ್ದೆ ಜೇಡಿ ಸಿಕ್ಕರೆ ಮಾಡುವ ಕೆಲಸ ಅದೊಂದೇ. ಎಲ್ಲೋ ಒಂದು ಹಲಗೆ ಸಿಕ್ಕಿತು. ಇಬ್ಬರು ಅದನ್ನು ಎಳೆದು ಎಳೆದು ಸಮ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಅಂಗಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಕಾಲೇಜಿನ ಬೋರ್ಡು ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ನಿಜಕ್ಕೂ ಅಷ್ಟು ಚೊಕ್ಕವಾದ ಕೆಸರನ್ನು ನಾನು ನೋಡಿಲ್ಲ. ಪ್ರಿನ್ಸಿಪಾಲರು ಫೋಟೋ ತೆಗೆದರು.

ನೀರುಗಂಟಿ ಲೈಬ್ರರಿ ಪಟ್ಟಿಯ ಮುಂದೆ ಗುದ್ದಲಿ ಅಡ್ಡ ಹಿಡಿದು ನಿಂತಿದ್ದ. "ಇದ್ರೊಳೀಕೆ ಕಾಲಿಟ್ರೆ ಕಾಲ್ ಮುರ್ದ್ಬುಟ್ಟೇನು" ಎಂದು ಅದೊಂದನ್ನು ಉಳಿಸಿಕೊಂಡ. ಜನ ಕೈಕಾಲು ತೊಳೆಯಲು ಹೋದಾಗ ನಾನು ಅವನ ಹತ್ತಿರ ಹೋದೆ. ಅವನು ಅಂಗಳದ ಕಡೆ ನೋಡುತ್ತಲೇ ಹೇಳಿದ: "ಬಲೇ ಚೆಂದಾಗ್ ಮಾಡವ್ರೆ ಸಾ. ನಾಳೀಕೆ ನಾಟಿ ಆಕ್ಬೋದು."

ನಾನು ನಕ್ಕೆ ಅನಿಸುತ್ತದೆ. ನಗಲಿಲ್ಲ ಎಂದುಕೊಳ್ಳಲು ಇಷ್ಟ.

ಆ ವಾರ ಗಿಡಗಳು ಬಂದವು. ನೆಡಬೇಡಿ ಎಂದು ಅವನು ಹೇಳಲಿಲ್ಲ. ಒಂದೊಂದು ಗುಂಡಿಯ ಗೋಡೆಯನ್ನೂ ಕುಡುಗೋಲಿನ ತುದಿಯಿಂದ ಗೀಚಿ, ಬೇರಿಗೆ ದಾರಿ ಮಾಡಿ, ಗೊಬ್ಬರ ಇಟ್ಟು, ತಾನೇ ನೆಟ್ಟ. ಅಷ್ಟು ಜತನದಿಂದ ಯಾಕೆ ನೆಡುತ್ತೀ ಎಂದು ಕೇಳಿದ್ದಕ್ಕೆ, "ಗಿಡ ಏನ್ ತೆಪ್ ಮಾಡ್ತು?" ಅಂದ. ಮೊದಲು ಗುಂಡಿಗಳಲ್ಲಿ ನೀರು ನಿಂತು ಬೇರು ಕೊಳೆಯಿತು. ಆಮೇಲೆ ಬಿಸಿಲಿಗೆ ಅಂಗಳ ಒಣಗಿ ಬಿರಿಯಿತು. ಬಿರುಕು ಎಷ್ಟು ಆಳ ಎಂದು ನೋಡಲು ನಾನು ಒಂದು ಪೆನ್ನು ಇಳಿಬಿಟ್ಟೆ. ಅದು ವಾಪಸು ಸಿಗಲಿಲ್ಲ. ಕಾರ್ತಿಕದ ಮೊದಲ ವಾರಕ್ಕೆ ಲೈಬ್ರರಿ ಗೋಡೆಯ ಪಟ್ಟಿ ಬಿಟ್ಟರೆ ಮಿಕ್ಕೆಲ್ಲ ಕಡ್ಡಿ.

ಸಭೆ ಪ್ರಿನ್ಸಿಪಾಲರ ಕೋಣೆಯಲ್ಲಿ. ಸೆಕ್ರೆಟರಿ ಇದ್ದರು, ನಾವು ಏಳೆಂಟು ಜನ ಮೇಷ್ಟ್ರುಗಳಿದ್ದೆವು. "ಉಂಡೆ ಒಡೀದೇ ಇದ್ರೂ ಅವತ್ತು ಶುರು ಮಾಡಿ ಅಂದೋರು ಯಾರು?" ಎಂದು ಪ್ರಿನ್ಸಿಪಾಲರು ಕೇಳಿದರು. ಇಷ್ಟರ ತನಕ ನನ್ನ ನೆನಪೂ ಕನ್ನಡದ ಮೇಷ್ಟ್ರ ನೆನಪೂ ಒಂದೇ.

ಮುಂದಿನದು ನನ್ನಲ್ಲಿ ಹೀಗಿದೆ. ನಾನು ಏಳುತ್ತೇನೆ. ನಾನೇ ಎನ್ನುತ್ತೇನೆ. ಕಿಟಕಿಯಾಚೆಯ ಲೈಬ್ರರಿ ಪಟ್ಟಿಯನ್ನು ತೋರಿಸಿ, ಇವನ ದಾರಿಯಲ್ಲಿ ಬಿಟ್ಟಿದ್ದರೆ ಇಡೀ ಅಂಗಳ ಹಾಗಿರುತ್ತಿತ್ತು ಎಂದು ವಿವರಿಸುತ್ತೇನೆ. ಸೆಕ್ರೆಟರಿ ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದರಿಂದ ಕೇಳಿಸಿಕೊಳ್ಳುವುದಿಲ್ಲ.

ಕನ್ನಡದ ಮೇಷ್ಟ್ರಲ್ಲಿ ಹೇಗಿದೆ ಎಂದು ಟೀ ಅಂಗಡಿಯಲ್ಲಿ ಸಿಕ್ಕ ದಿನದ ಸಂಜೆಯೇ ಫೋನ್ ಮಾಡಿ ಕೇಳಿದೆ. ನಾನು ತಲೆ ತಗ್ಗಿಸಿ ಕೂತಿದ್ದೆನಂತೆ. ನೀರುಗಂಟಿಯೇ "ನಾನೇ ಸಾ" ಅಂದನಂತೆ. "ನೀವು ಏನೋ ಹೇಳಕ್ಕೆ ಹೊರಟಿದ್ರೇನೋ, ಅದು ನಂಗೊತ್ತಿಲ್ಲ. ಹೇಳಿದ್ದಂತೂ ಇಲ್ಲ" ಎಂದರು. ಅವರಿಗೆ ಸುಳ್ಳು ಹೇಳಲು ಕಾರಣವಿಲ್ಲ. ನನಗೆ ಇದೆ.

ಕಳೆದ ಭಾನುವಾರ ಅವನ ಊರಿಗೆ ಹೋದೆ. ಅವನ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಸೊಸೆ ಮಿಕ್ಸಿ ಹಾಕಿದ್ದರಿಂದ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಯಿತು. ನಾನು ಯಾರೆಂದು ಹೇಳಿದೆ.

"ಕಾಲೇಜ್ ಮೇಷ್ಟ್ರಾ? ಕೂತ್ಕಳಿ," ಅಂದರು.

ಕೆಲಸ ಹೋದ ಮೇಲೆ ಅವನು ಏನು ಮಾಡುತ್ತಿದ್ದ ಎಂದು ಕೇಳಿದೆ. "ಏನ್ ಮಾಡನು? ದಿನಾ ಓಗಿ ಕಾಂಪೌಂಡ್ ಆಚ್ಗೆ ನಿಂತ್ಕಂಡು ನೋಡ್ಕಂಡ್ ಬರೋನು. ಲಾರೀಲಿ ಬಿಲ್ಲೆ ಬಂದ್ ಇಳುದ್ವಲ್ಲ, ಅವತ್ತಿಂದ ಆ ರೋಡ್ಗೆ ಓಗ್ನಿಲ್ಲ. ಭೇರ್ಯದ್ ಸಂತೆಗೂ ಕೆರೆ ಏರಿ ಸುತ್ಕಂಡೇ ಓಗೋನು."

"ಆ ಸಭೆ ಬಗ್ಗೆ ಏನಾದ್ರೂ ಹೇಳಿದ್ರಾ?"

"ಇನ್ನೊಂದ್ ಮಳೆಗಾಲ ಸಿಕ್ಕಿದ್ರೆ ಎಲ್ಲಾನೂ ಬುಡುಸ್ಬುಡ್ತಿದ್ದೆ ಅನ್ನೋನು. ಅಷ್ಟೇಯ."

"ನನ್ನ ವಿಷಯ?"

ಅವರು ನನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. "ನಿಮ್ ಇಸ್ಯ ಎತ್ತಿದ್ದು ಕಾಣೆ ಕಣಪ್ಪ."

ಆಗ ಹೇಳಿದೆ. ಆ ಭಾನುವಾರ ಶುರು ಮಾಡಲಿ ಅಂದವನು ನಾನು, ತಪ್ಪು ನಿಮ್ಮ ಯಜಮಾನರದಲ್ಲ ಎಂದೆ. ಅವರ ಕೈ ನಿಲ್ಲಲಿಲ್ಲ. ಎರಡು ಕಾಯಿ ಸುಲಿದ ಮೇಲೆ, "ನಂಗೇಳಿ ಏನ್ ಬಂತು? ನಾನ್ ಅವತ್ತು ಅಲ್ಲಿರ್ನಿಲ್ಲ. ಇದ್ದೋರ್ಗೆ ಏಳಿ" ಅಂದರು. ಬೈದ ಹಾಗಿರಲಿಲ್ಲ. ವಿಳಾಸ ತಪ್ಪಿ ಬಂದವನಿಗೆ ದಾರಿ ತೋರಿಸಿದ ಹಾಗಿತ್ತು.

ಸೋಮವಾರ ರಜೆ ಹಾಕಿ ಆ ಹಳೆಯ ಕಾಲೇಜಿಗೆ ಹೋದೆ. ಅಂಗಳದ ತುಂಬ ಬಿಲ್ಲೆ, ಗೋಡೆಯಿಂದ ಗೋಡೆಗೆ. ಬೈಕುಗಳು ನಿಂತಿದ್ದವು. ಪ್ರಿನ್ಸಿಪಾಲರು ಅವರೇ. ನನ್ನನ್ನು ಕೂರಿಸಿ, ಕಾಫಿಗೆ ಹೇಳಿ, ಈಗ ಯಾವ ಕಾಲೇಜು ಎಂದು ವಿಚಾರಿಸಿದರು. ನಾನು ಕಾಫಿ ಬರುವ ಮುಂಚೆಯೇ ಹೇಳಿಬಿಟ್ಟೆ.

"ಅವತ್ತು ಶುರು ಮಾಡ್ಲಿ ಅಂದಿದ್ದು ನಾನು ಸರ್. ನೀರುಗಂಟಿ ಅಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಗೊತ್ತಿರ್ಲಿಲ್ವಾ ಸಾರ್? ನನ್ನ ಪಕ್ಕದಲ್ಲಿ ನಿಂತು ನನಗೇ ತಾನೆ ನೀವು ಹೇಳಿದ್ದು."

"ಮತ್ತೆ ಸಭೇಲಿ ಯಾಕೆ ಕೇಳಿದ್ರಿ?"

"ಸೆಕ್ರೆಟರಿ ಎದುರಿಗೆ ನಿಮ್ಮ ಬಾಯಿಂದ ಬಂದಿದ್ರೆ ಅವನನ್ನ ಉಳಿಸ್ಕೋಬೋದಿತ್ತು. ಓದಿದ ಮೇಷ್ಟ್ರೇ ಹೇಳಿದ್ಮೇಲೆ ತೋಟದವನ ತಪ್ಪೇನು ಅಂತ ನಾನು ಕೇಳ್ತಿದ್ದೆ. ನಿಮಗೆ ಒಂದು ಮಾತು ಬೈತಿದ್ರು, ಅಷ್ಟೆ. ಅದಕ್ಕೇ ಕಾದೆ. ಬಹಳ ಹೊತ್ತು ಕಾದೆ ಸಾರ್. ರೂಮಲ್ಲಿ ಒಬ್ಬರೂ ಅಲುಗಾಡ್ಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ. ಅವನು ಬಾಗಿಲ ಹತ್ರ ನಿಂತು ನಿಮ್ಮನ್ನೇ ನೋಡ್ತಿದ್ದ. ಕೊನೆಗೆ ಅವನೇ 'ನಾನೇ ಸಾ' ಅಂದ."

"ನೀವಾದರೂ ಹೇಳಬಹುದಿತ್ತು."

"ಹೇಳ್ಬೋದಿತ್ತು," ಅಂದರು. ಕಾಫಿ ಬಂತು. ಇಬ್ಬರೂ ಕುಡಿದೆವು.

ಊರಿಗೆ ವಾಪಸು ಬರುವ ಬಸ್ಸಿನಲ್ಲಿ, ಆಮೇಲೆ ಮನೆಯಲ್ಲಿ, ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲೂ ಆ ಮೌನವನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದೇನೆ. ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ಕೂತಿದ್ದರೆ ಅದರ ಒಂದು ಚೂರಾದರೂ ನನ್ನಲ್ಲಿ ಉಳಿದಿರಬೇಕು. ಉಳಿದಿಲ್ಲ. ನನ್ನ ನೆನಪಿನ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ, ಎಲ್ಲರಿಗಿಂತ ಜೋರಾಗಿ ನಾನು. ಬಾಗಿಲ ಹತ್ತಿರ ಯಾರೂ ನಿಂತಿಲ್ಲ.